ಗಾಜಕ್ಕ ಸೈಕಲ್ ಬದಲಿಸಿದ್ದು

ಅವಳಿಗೆ ಗಾಜಕ್ಕ ಎಂದು ಹೆಸರಿಟ್ಟವಳು ನಾನೇ. ಹನ್ನೊಂದು ವರ್ಷದಿಂದ ನಾವಿಬ್ಬರೂ ಒಂದೇ ಕನ್ನಡಕದ ಅಂಗಡಿಯಲ್ಲಿದ್ದೇವೆ. ನಾನು ಮುಂದೆ, ದೀಪಗಳ ಕೆಳಗೆ, ಗಿರಾಕಿಗಳ ಮೂಗಿನ ಮೇಲೆ ಒಂದಾದ ಮೇಲೊಂದು ಫ್ರೇಮು ಕೂರಿಸಿ "ಇದು ನಿಮಗೆ ಎಷ್ಟು ಒಪ್ಪುತ್ತೆ ನೋಡಿ" ಎಂದು ಹೊಟ್ಟೆಪಾಡಿನ ಸುಳ್ಳು ಹೇಳುವವಳು. ಅವಳು ಹಿಂದಿನ ಕೋಣೆಯಲ್ಲಿ, ನೀರು ಚಿಮ್ಮುವ ಯಂತ್ರದೆದುರು ಕೂತು ಗಾಜು ಕತ್ತರಿಸಿ, ಅಂಚು ಉಜ್ಜಿ, ಅದೇ ಫ್ರೇಮಿಗೆ ಕೂರಿಸುವವಳು. ಈಗ ಬರುವುದೆಲ್ಲ ಪ್ಲಾಸ್ಟಿಕ್ಕೇ, ಆದರೂ ನಮ್ಮ ಬಾಯಲ್ಲಿ ಅದು ಗಾಜೇ. ಮಧ್ಯಾಹ್ನದ ಹೊತ್ತಿಗೆ ಅವಳ ಹುಬ್ಬಿನ ಮೇಲೆ ಬಿಳಿ ಹುಡಿ ಕೂತು, ನಲವತ್ತಾರರ ಹೆಂಗಸು ಅರವತ್ತರ ಹಾಗೆ ಕಾಣುತ್ತಿದ್ದಳು.

ಮೊದಲು ಅವಳಿಗೆ ಇಲ್ಲಿ ಪೂರ್ತಿ ದಿನದ ಕೆಲಸವಿತ್ತು. ಮೂರು ವರ್ಷದ ಹಿಂದೆ ಮಾಲೀಕರು ಅರ್ಧ ಕೆಲಸವನ್ನು ಹೊರಗಿನ ಕಾರ್ಖಾನೆಗೆ ಕೊಟ್ಟರು. ಗಾಜಕ್ಕ ಅರ್ಧ ದಿನದವಳಾದಳು. ಇನ್ನರ್ಧಕ್ಕೆ ಅವಳು ಊರಿನ ಆ ತುದಿಯಲ್ಲಿ, ಮೂರು ಮಹಡಿಯ ದೊಡ್ಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದಳು. ಇಲ್ಲಿ ಎಂಟೂವರೆಯಿಂದ ಹನ್ನೆರಡೂವರೆ, ಅಲ್ಲಿ ಎರಡರಿಂದ ಏಳು.

"ಎರಡು ಅರ್ಧ ಸೇರಿದ್ರೆ ಒಂದು ಆಗುತ್ತೆ ಅಂತ ಶಾಲೇಲಿ ಕಲಿಸಿದ್ರು," ಎಂದಳು ಒಮ್ಮೆ. "ಸುಳ್ಳು ಕಣೇ. ಒಂದೂವರೆ ಆಗುತ್ತೆ."

ನಡುವಿನ ಒಂದೂವರೆ ಗಂಟೆಯಲ್ಲಿ ಅವಳು ಮನೆಗೆ ಹೋಗಿ ಬರಬೇಕಿತ್ತು. ಮನೆಯಲ್ಲಿದ್ದವರು ಅವಳ ಮಾವ, ತೀರಿಹೋದ ಗಂಡನ ತಂದೆ. ಐವತ್ತು ವರ್ಷ ದರ್ಜಿ ಕೆಲಸ ಮಾಡಿದವರು, ಈಗ ಸೊಂಟ ಹಿಡಿದುಹೋಗಿ, ಯಾರಾದರೂ ಕೈ ಕೊಟ್ಟರೆ ಮಾತ್ರ ಕುರ್ಚಿಯಿಂದ ಏಳುವವರು. ಗಂಡ ಎದೆನೋವಿನಿಂದ ಹೋಗಿ ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೇರೆ ಊರಿನ ನಾದಿನಿ ವರ್ಷಕ್ಕೊಮ್ಮೆ ಅಪ್ಪನಿಗೆ ಅಂಗಡಿಯಿಂದ ಒಂದು ಅಂಗಿ ಕಳಿಸುತ್ತಿದ್ದಳು. ಮಾವ ಅದನ್ನು ಮಗುಚಿ ಒಳಹೊಲಿಗೆ ನೋಡಿ, "ಇದನ್ನ ಹೊಲಿದವನಿಗೆ ಶಿಕ್ಷೆ ಆಯ್ತೋ ಇಲ್ವೋ" ಎಂದು ಕೇಳಿ ಮಡಿಸಿಡುತ್ತಿದ್ದರಂತೆ. "ಅವರನ್ನ ಮಗಳ ಮನೆಗೆ ಕಳಿಸಬಾರದಾ?" ಎಂದು ನಾನು ಒಂದೇ ಸಲ ಕೇಳಿದ್ದೆ. ಅವಳು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಅವಳ ಸೈಕಲ್ ಹೈಬ್ರಿಡ್ ಜಾತಿಯದು. ಗುಡ್ಡ ಹತ್ತುವ ಸೈಕಲ್ಲಿಗೂ ರಸ್ತೆಯಲ್ಲಿ ಓಡುವ ಸೈಕಲ್ಲಿಗೂ ನಡುವಿನದು. ದಪ್ಪ ಟೈರು, ನೇರ ಹ್ಯಾಂಡಲ್, ಮುಂದೆ ಸ್ಪ್ರಿಂಗಿನ ಫೋರ್ಕು, ಅದರ ಮೇಲೆ ಬುಟ್ಟಿ. ಮದುವೆಯಾದ ಹೊಸದರಲ್ಲಿ ಗಂಡ ಕೊಡಿಸಿದ್ದು. ಸ್ಪ್ರಿಂಗು ತುಕ್ಕು ಹಿಡಿದು, ತುಳಿದಾಗಲೆಲ್ಲ ಮುದುಕರು ಕೂತೇಳುವಾಗಿನ ಹಾಗೆ ನರಳುತ್ತಿತ್ತು. ನಮ್ಮ ಅಂಗಡಿಯಿಂದ ಮನೆಗೆ ಎಂಟು ಕಿಲೋಮೀಟರು, ಮನೆಯಿಂದ ಆ ಅಂಗಡಿಗೆ ಒಂಬತ್ತು, ನಡುವೆ ರೈಲು ಹಳಿಯ ಮೇಲಿನ ಉದ್ದನೆಯ ಸೇತುವೆ. ಬಸ್ಸು ಹಿಡಿದರೆ ಎರಡು ಕಡೆ ಬದಲಿಸಬೇಕು. ಅದಕ್ಕೆ ಕಾಯುವ ಹೊತ್ತಿಗೆ ಎರಡು ಗಂಟೆ ದಾಟುತ್ತದೆ.

ಸೈಕಲ್ಲಿನಲ್ಲೂ ಅವಳು ದಿನಾ ಆರೋ ಏಳೋ ನಿಮಿಷ ತಡವಾಗುತ್ತಿದ್ದಳು. ಮನೆಯಲ್ಲಿ ಸಿಗುತ್ತಿದ್ದುದು ಹದಿನಾರು ನಿಮಿಷ. ಅಷ್ಟರಲ್ಲಿ ಊಟ ಬಿಸಿ ಮಾಡಬೇಕು, ಮಾವನನ್ನು ಬಚ್ಚಲಿಗೆ ಕರೆದೊಯ್ದು ತಂದು ಕೂರಿಸಬೇಕು, ಬಡಿಸಬೇಕು, ತಾನು ನಿಂತುಕೊಂಡೇ ನಾಲ್ಕು ತುತ್ತು ನುಂಗಬೇಕು. ಆ ಅಂಗಡಿಯ ಮೇಲ್ವಿಚಾರಕನಿಗೆ ಮೂವತ್ತು ದಾಟಿರಲಿಲ್ಲ. ಮಾತು ಮೆತ್ತಗೆ, ಲೆಕ್ಕ ಗಟ್ಟಿ. ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ ಎಂದು ಗೋಡೆಗೆ ಅಂಟಿಸಿದ್ದ ಕಾಗದವನ್ನು ಅವಳಿಗೆ ಬೆರಳಿಟ್ಟು ತೋರಿಸಿದ್ದ. ಅವಳು ಮೂರು ಸಲವನ್ನು ಮೊದಲ ವಾರದಲ್ಲೇ ಮುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಬಂದವಳೇ ಚೀಲ ಇಡುವ ಮೊದಲೇ ಹೇಳಿದಳು, "ನಿನ್ನೆ ಸೇತುವೆ ಮೇಲೆ ಒಬ್ಬ ಅಜ್ಜ ನನ್ನ ಹಿಂದೆ ಹಾಕಿದ ಕಣೇ. ಅರವತ್ತೈದರ ಮೇಲೇ ಇರ್ಬೇಕು. ಏದುಸಿರೂ ಇಲ್ಲ. ಗಾಳಿ ಜೊತೆ ಮಾತಾಡ್ಕೊಂಡು ಹೋದ ಹಾಗೆ ಹೋದ."

"ನಿನಗೆ ಸುಸ್ತಾಗಿತ್ತು, ಅದಕ್ಕೆ."

"ನನಗೆ ಯಾವತ್ತು ಸುಸ್ತಾಗಿಲ್ಲ ಹೇಳು. ಅದಲ್ಲ, ಅವನ ಸೈಕಲ್ಲೇ ಬೇರೆ. ಟಗರಿನ ಕೊಂಬಿನ ಹಾಗೆ ಹ್ಯಾಂಡಲ್ಲು, ಬೆರಳಷ್ಟು ಟೈರು."

ಅವತ್ತು ಸೈಕಲ್ ರಿಪೇರಿಯವನ ಹತ್ತಿರ ಕೇಳಿಕೊಂಡು ಬಂದಳು. ಆತ ಅವಳ ಸೈಕಲ್ಲನ್ನು ತೂಗಿ ತೋರಿಸಿದ್ದ. ಹದಿನೇಳು ಕಿಲೋ. ಆ ಅಜ್ಜನದರಂಥ, ರೋಡ್ ಬೈಕ್ ಎನ್ನುವ ಸೈಕಲ್ ಆದರೆ ಹತ್ತು, ಹನ್ನೊಂದು. "ಮೇಡಂ, ನೀವು ತುಳಿಯೋದರಲ್ಲಿ ಕಾಲು ಭಾಗ ಈ ಸ್ಪ್ರಿಂಗೇ ತಿಂದು ಹಾಕುತ್ತೆ. ಗಟ್ಟಿ ರಸ್ತೆಗೆ ಇದು ಯಾಕೆ?" ಎಂದಿದ್ದನಂತೆ. ಹೊಸ ರೋಡ್ ಬೈಕಿನ ಬೆಲೆ ಕೇಳಿದರೆ ಅವಳ ನಾಲ್ಕು ತಿಂಗಳ ಸಂಬಳ, ಎರಡೂ ಅರ್ಧ ಸೇರಿ. ಹಳೆಯದು ನೋಡಿ ಎಂದು ಅವನೇ ಹೇಳಿದ. ಬಟ್ಟೆ ಒಗೆಯುವ ಯಂತ್ರಕ್ಕೆಂದು ಅವಳು ಎತ್ತಿಟ್ಟದ್ದು ಸ್ವಲ್ಪ ಇತ್ತು. ಅದರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದು ಗೆರೆ ಎಳೆದುಕೊಂಡಳು.

ಭಾನುವಾರಗಳಂದು ನಾನು ಅವಳ ಜೊತೆ ಹೋದೆ. ನನಗೆ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಚೌಕಾಸಿಗೆ ಇಬ್ಬರಿರಬೇಕು. ಒಬ್ಬಳು ಇಷ್ಟಪಡಬೇಕು, ಇನ್ನೊಬ್ಬಳು ಮುಖ ಸಿಂಡರಿಸಬೇಕು. ಸಿಂಡರಿಸುವ ಕೆಲಸ ನನ್ನದು.

ಮೊದಲನೆಯದು ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕೆಂಪು ಬಣ್ಣ, ಫಳಫಳ ಹೊಳೆಯುತ್ತಿತ್ತು. ಮಾರುವವನು ಕೂದಲು ಜೆಲ್ ಹಾಕಿ ನಿಲ್ಲಿಸಿದ ಯುವಕ. "ಒಂದ್ ಸಲಾನೂ ಬಿದ್ದಿಲ್ಲ ಆಂಟಿ. ಮನೆಯೊಳಗೇ ಇಟ್ಟಿದ್ದೆ," ಎಂದ. ಬೆಲೆಯೂ ಗೆರೆಯೊಳಗೇ ಇತ್ತು. ನಾನು ಸಿಂಡರಿಸಲು ಸಿದ್ಧಳಾಗುವಷ್ಟರಲ್ಲಿ ಗಾಜಕ್ಕ ಮಂಡಿಯೂರಿ ಕೂತು, ಕೆಲಸಕ್ಕೆ ಇಟ್ಟುಕೊಳ್ಳುವ ಪುಟ್ಟ ಟಾರ್ಚು ತೆಗೆದು ಫ್ರೇಮಿನ ಮೇಲೆ ಓರೆಯಾಗಿ ಬೆಳಕು ಬಿಟ್ಟಳು. ಗಾಜಿನ ಮೇಲೆ ಗೀರು ಹುಡುಕುವುದು ಹೀಗೇ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಸೀಟಿನ ಕೆಳಗೆ, ಕೊಳವೆಗಳು ಕೂಡುವ ಕಡೆ ಒಂದು ಅಂಟುಚಿತ್ರ ಇತ್ತು. ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿದಳು.

"ಇದೇನಪ್ಪಾ?"

"ಅದು ಬಣ್ಣದ ಗೆರೆ ಆಂಟಿ."

"ಇಪ್ಪತ್ತೆರಡು ವರ್ಷದಿಂದ ಗೆರೆ ಯಾವುದು ಬಿರುಕು ಯಾವುದು ಅಂತ ನೋಡೋದೇ ನನ್ನ ಕೆಲಸ. ಇದು ಬಿರುಕು." ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ಇನ್ಯಾರಿಗೂ ಮಾರಬೇಡಪ್ಪ. ಸೇತುವೆ ಇಳಿಯುವಾಗ ಇದು ಎರಡಾದ್ರೆ ಪಾಪ ನಿನಗೇ ಸುತ್ತಿಕೊಳ್ಳುತ್ತೆ."

ಹುಡುಗನ ಜೆಲ್ ಕೂದಲು ಮಾತ್ರ ನಿಂತೇ ಇತ್ತು, ಮುಖ ಇಳಿದುಹೋಗಿತ್ತು.

ಎರಡನೆಯದು ಏಣಿ ಹಾಕಿ ಹತ್ತಬೇಕಾದಷ್ಟು ಎತ್ತರ. ಮೂರನೆಯದು ನಾವು ಹೋಗುವಷ್ಟರಲ್ಲಿ ಮಾರಿಹೋಗಿತ್ತು. ಮೂರು ಭಾನುವಾರ ಹೀಗೇ ಕಳೆದವು. ವಾರಕ್ಕೆ ಅದೊಂದೇ ದಿನ ಅವಳು ಕಣ್ತುಂಬ ಮಲಗುತ್ತಿದ್ದುದು. ಮೂರನೆಯ ಭಾನುವಾರ ಬಸ್ ನಿಲ್ದಾಣದ ಕಂಬಕ್ಕೆ ಒರಗಿಕೊಂಡು, "ಬಿಡೇ, ನನ್ನ ಹಣೆಗೆ ಕತ್ತೆಯಂಥ ಆ ಹಳೇ ಸೈಕಲ್ಲೇ ಬರೆದಿದೆ," ಎಂದಳು.

ನಾಲ್ಕನೆಯದಕ್ಕೆ ನಾನೇ ಎಳೆದುಕೊಂಡು ಹೋದೆ. ಮಾರುವವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತರಾದ ಹೆಂಗಸು. ವಯಸ್ಸು ಅರವತ್ತಮೂರು, ಕಡ್ಡಿಯಂಥ ಮೈ, ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹಿತ್ತಲಿನ ಗೋಡೆಗೆ ಒರಗಿಸಿದ್ದ ಸೈಕಲ್ ಕಡು ಹಸಿರು, ಉಕ್ಕಿನದು, ಮೂವತ್ತು ವರ್ಷ ಹಳೆಯದು. ಗೇರು ಬದಲಿಸುವ ಕಡ್ಡಿಗಳು ಹ್ಯಾಂಡಲ್ಲಿನಲ್ಲಿರದೆ ಕೆಳಗೆ ಫ್ರೇಮಿನ ಮೇಲಿದ್ದವು. ಗಾಜಕ್ಕ ಟಾರ್ಚು ತೆಗೆದಳು. ಇಡೀ ಸೈಕಲ್ಲನ್ನು ಒಂದು ಸುತ್ತು ನೋಡಿದಳು. ಗೀರುಗಳಿದ್ದವು, ಬಿರುಕಿರಲಿಲ್ಲ.

ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದರು. "ನೋಡಿ ಆಯ್ತಾ? ಈಗ ನಾನು ನಿನ್ನ ನೋಡ್ಬೇಕು. ಹತ್ತಮ್ಮ. ರಸ್ತೆ ಕೊನೆಗೆ ಹೋಗಿ ಬಾ."

"ನನಗೆ ಇಂಥದ್ದು ಅಭ್ಯಾಸ ಇಲ್ಲ, ಅಮ್ಮ."

"ಅದಕ್ಕೇ ಹೇಳಿದ್ದು."

ಗಾಜಕ್ಕ ಹೋಗಿ ಬಂದಳು. ಹೋಗುವಾಗ ಕುಡಿದವಳ ಹಾಗೆ ಓಲಾಡಿದಳು. ಬರುವಾಗ ಸ್ವಲ್ಪ ನೆಟ್ಟಗಿದ್ದಳು. ಇಳಿದಾಗ ಮುಖ ಕೆಂಪಾಗಿತ್ತು. ಯಾಕೋ ಒಂದು ಕ್ಷಣ ನಗು ಬಂದು ಹೋಯಿತು. ಅವಳ ಹಲ್ಲು ನಾನು ನೋಡಿ ತಿಂಗಳುಗಳೇ ಆಗಿದ್ದವು.

ಬೆಲೆ ಕೇಳಿದೆವು. ಗೆರೆಯಿಂದ ಬಹಳ ಆಚೆ ಇತ್ತು. ನಾನು ಮುಖ ಸಿಂಡರಿಸಿದೆ. ಆ ಹೆಂಗಸು ನನ್ನತ್ತ ತಿರುಗಿಯೂ ನೋಡಲಿಲ್ಲ. ಗಾಜಕ್ಕ ಚೌಕಾಸಿ ಮಾಡಲಿಲ್ಲ. "ನನ್ನ ಹತ್ರ ಇಷ್ಟೇ ಇದೆ ಅಮ್ಮ," ಎಂದು ಇದ್ದದ್ದನ್ನು ಹೇಳಿ ಚೀಲ ಹೆಗಲಿಗೇರಿಸಿದಳು.

"ನಿಲ್ಲು. ಈಗ ಯಾವ ಸೈಕಲ್ ಓಡಿಸ್ತಿದ್ದೀಯ?"

ಗಾಜಕ್ಕ ವಿವರಿಸಿದಳು. ಕತ್ತೆಯ ಗುಣಗಳನ್ನೆಲ್ಲ ಮುಚ್ಚಿಡದೆ ಹೇಳಿದಳು.

"ನೆಟ್ಟಗೆ ಕೂತ್ಕೋಬಹುದಾ ಅದರಲ್ಲಿ? ಬಗ್ಗೋದು ಬೇಡ ತಾನೆ?" ಆ ಹೆಂಗಸಿನ ದನಿ ಬದಲಾಗಿತ್ತು. "ಡಾಕ್ಟ್ರು ನನಗೆ ಸೈಕಲ್ ಬಿಡಿ ಅಂದಿಲ್ಲ. ಬಗ್ಗಿ ಓಡಿಸಬೇಡಿ ಅಂದಿದ್ದಾರೆ. ಅಂಗಡಿಗೆ ಹೋಗಿ ತರಕಾರಿ ತರೋಕೆ ನನಗೆ ಸ್ಪ್ರಿಂಗು, ಬುಟ್ಟಿ ಎಲ್ಲಾ ಇರೋ ಕತ್ತೆನೇ ಬೇಕು. ಅದನ್ನ ತಂದುಕೊಡು, ಮೇಲೆ ನೀನು ಹೇಳಿದ್ದು ಕೊಡು. ಸಾಕು."

ಮುಂದಿನ ಭಾನುವಾರ ಅದಲುಬದಲಾಯಿತು. ಗಂಡ ಕೊಡಿಸಿದ್ದನ್ನು ಬೇರೆಯವರ ಹಿತ್ತಲಿನಲ್ಲಿ ನಿಲ್ಲಿಸುವಾಗ ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬುಟ್ಟಿಯೊಳಗಿನ ಹಳೆಯ ಚೀಟಿಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಳು, ಗಂಟೆ ಸರಿಯಾಗಿದೆಯೇ ಎಂದು ಒಮ್ಮೆ ಬಾರಿಸಿದಳು, ಅಷ್ಟೆ. ಬರುವಾಗ ಹೇಳಿದಳು, "ಏನೋ ಅನ್ನಿಸುತ್ತೆ ಅಂತ ಕಾದೆ ಕಣೇ. ಏನೂ ಅನ್ನಿಸಲಿಲ್ಲ. ಅನ್ನಿಸೋಕೂ ಒಂದಿಷ್ಟು ಶಕ್ತಿ ಬೇಕು."

ಹೊಸ ಸೈಕಲ್ಲಿನ ಮೊದಲ ದಿನ ಅವಳು ಹದಿನೆಂಟು ನಿಮಿಷ ತಡವಾಗಿ ಆ ಅಂಗಡಿ ಮುಟ್ಟಿದಳು. ಸೇತುವೆಯ ಮೇಲೆ ತಪ್ಪು ಗೇರಿಗೆ ಬಿದ್ದು ಸರಪಳಿ ಕಳಚಿತ್ತು. ಮೂರನೆಯ ದಿನ ಪಂಚರ್. ಆರನೆಯ ದಿನ ಮತ್ತೆ ಪಂಚರ್. ಬೆನ್ನು, ಕುತ್ತಿಗೆ, ಅಂಗೈ ಎಲ್ಲವೂ ನೋವು. ಕಿರುಬೆರಳು ಎರಡೂ ಜೋಮು ಹಿಡಿದು, ಗಾಜನ್ನು ಫ್ರೇಮಿಗೆ ಕೂರಿಸುವಾಗ ತಿರುಪು ಕೈಯಿಂದ ಜಾರಿ ಬೀಳುತ್ತಿತ್ತು. ನಾನು ನೆಲದ ಮೇಲೆ ತೆವಳಿ ತಿರುಪು ಹುಡುಕುತ್ತಿದ್ದೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಬಾಯಿ ಬಿಡಲಿಲ್ಲ. ಎಳೆದುಕೊಂಡು ಹೋದವಳು ನಾನೇ ತಾನೆ.

ಮಾವ ಸುಮ್ಮನಿರಲಿಲ್ಲ. ಅವಳು ಬಗ್ಗಿದ ಬೆನ್ನಿನಲ್ಲೇ ಒಳಗೆ ಬರುವುದನ್ನು ನೋಡಿ, "ಏನಮ್ಮ, ಈ ಮನೇಲಿ ಸೊಂಟ ಹಿಡಿದೋನು ನಾನೊಬ್ಬ ಸಾಕು ಅಂದ್ಕೊಂಡಿದ್ದೆ," ಎಂದರಂತೆ.

ಮೂರನೆಯ ವಾರ ಅವಳು ಸೋತಳು. ಸೈಕಲ್ ತಳ್ಳಿಕೊಂಡು ಆ ಅಂಚೆಯ ಹೆಂಗಸಿನ ಮನೆಗೆ ಹೋದಳು. ಭಾನುವಾರವಾದ್ದರಿಂದ ನಾನೂ ಹೋಗಿದ್ದೆ.

"ಅಮ್ಮ, ಇದು ನನ್ನಿಂದ ಆಗಲ್ಲ. ನನ್ನದನ್ನ ವಾಪಸ್ ಕೊಡಿ. ಕೊಟ್ಟ ದುಡ್ಡಲ್ಲಿ ನಿಮಗೆ ಎಷ್ಟು ನ್ಯಾಯ ಅನ್ನಿಸುತ್ತೋ ಅಷ್ಟು ಹಿಡ್ಕೊಳ್ಳಿ."

"ಮೊದಲು ಸೈಕಲ್ ಹತ್ತು," ಎಂದರು ಆ ಹೆಂಗಸು. ಗಾಜಕ್ಕ ಹತ್ತಿದಳು. ಅವರು ಪಕ್ಕದಲ್ಲಿ ನಿಂತು ಅವಳ ಮೊಣಕೈಯನ್ನು ಬೆರಳಿನಿಂದ ತಟ್ಟಿದರು.

"ಇದ್ಯಾಕೆ ಹೀಗೆ ದೊಣ್ಣೆ ಥರ ಇದೆ? ಮಡಚು. ಸೈಕಲ್ ಮೇಲೆ ಜಗಳ ಆಡೋಕೆ ಕೂತ ಹಾಗೆ ಕೂತಿದ್ದೀಯಲ್ಲ." ಆಮೇಲೆ ಟೈರು ಒತ್ತಿ ನೋಡಿದರು. "ಗಾಳಿ ಯಾವಾಗ ಹಾಕಿದ್ದು?"

"ಪಂಚರ್ ಆದಾಗ. ಮೊನ್ನೆ..."

"ತೆಳು ಟೈರು ಮಗೂ. ವಾರಕ್ಕೆರಡು ಸಲ ಗಾಳಿ ಹಾಕ್ಬೇಕು. ಗಾಳಿ ಕಮ್ಮಿ ಆದ್ರೆ ಪ್ರತಿ ಗುಂಡೀಲೂ ಟ್ಯೂಬು ಕಚ್ಚಿಕೊಳ್ಳುತ್ತೆ. ಇದನ್ನ ಹೇಳದೆ ಕಳಿಸಿದ್ದು ನನ್ನ ತಪ್ಪು. ಮೂವತ್ತು ವರ್ಷ ಓಡಿಸಿದ ಮೇಲೆ ಇದನ್ನೂ ಹೇಳ್ಬೇಕು ಅಂತಲೇ ಮರೆತುಹೋಯ್ತು."

ಅವರು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ಉದ್ದ ತುಂಡಿನ ಜಾಗಕ್ಕೆ ಅದರೊಳಗಿದ್ದ ಗಿಡ್ಡ ತುಂಡೊಂದನ್ನು ಹಾಕಿಸಿ, ಹ್ಯಾಂಡಲ್ಲನ್ನು ಎರಡು ಬೆರಳು ಮೇಲಕ್ಕೂ ನಾಲ್ಕು ಬೆರಳು ಹಿಂದಕ್ಕೂ ತರಿಸಿದರು. ಕೆಳಗೆ ಕೂರಲಾಗದ ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ತಿರುಪು ತಿರುಗಿಸಿದವಳು ಗಾಜಕ್ಕ. ಕಿರುಬೆರಳು ಜೋಮು ಹಿಡಿದಿದ್ದರೂ ತಿರುಪಿನ ಕೆಲಸದಲ್ಲಿ ಅವಳ ಕೈ ಅಳತೆ ತಪ್ಪುವುದಿಲ್ಲ. ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆ ಬೆರಳುಗಳಿಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ನೋಡಿ ಆ ಹೆಂಗಸು ಮೊದಲ ಸಲ "ಪರವಾಗಿಲ್ಲ" ಎಂದರು.

"ಇನ್ನೊಂದು ತಿಂಗಳು ಓಡಿಸು. ಆಮೇಲೂ ಬೇಡ ಅನ್ನಿಸಿದ್ರೆ ನಿನ್ನ ಕತ್ತೆ ಇಲ್ಲೇ ಇದೆ. ಅದೂ ನಾನೂ ಚೆನ್ನಾಗಿದ್ದೀವಿ."

ಆ ತಿಂಗಳು ಏನೂ ಪವಾಡ ನಡೆಯಲಿಲ್ಲ. ನೋವು ಒಂದೊಂದೇ ಜಾಗ ಖಾಲಿ ಮಾಡಿತು. ಮೊದಲು ಬೆರಳು, ಆಮೇಲೆ ಕುತ್ತಿಗೆ, ಕೊನೆಗೆ ಬೆನ್ನು. ಅವಳು ಗೇರು ಬದಲಿಸುವುದನ್ನು ಕಲಿತಳು. ಸೇತುವೆಯ ಬುಡದಲ್ಲೇ ಹಗುರ ಗೇರಿಗೆ ಇಳಿಸಿ, ಸೀಟಿನಿಂದ ಏಳದೆ ಹತ್ತುವುದನ್ನು ಕಲಿತಳು. ಒಂದು ದಿನ ಆ ಅಂಗಡಿಗೆ ಎರಡಕ್ಕೆ ಒಂದು ನಿಮಿಷ ಇರುವಾಗ ಮುಟ್ಟಿದಳು. ಮುಂದಿನ ವಾರ ನಾಲ್ಕು ನಿಮಿಷ. ಮತ್ತೊಂದು ತಿಂಗಳಿಗೆ ಎಂಟು. ಸಂಬಳ ಕಡಿತ ನಿಂತಿತು. ಸುಸ್ತು ಕಡಿಮೆಯಾಯಿತೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು, "ಇಲ್ಲ. ಆದ್ರೆ ಮೊದಲು ಸುಸ್ತೂ ಇತ್ತು, ತಪ್ಪು ಮಾಡಿದೋಳ ಥರ ಹೆದರಿಕೆನೂ ಇತ್ತು. ಈಗ ಬರೀ ಸುಸ್ತು."

ಮೇಲ್ವಿಚಾರಕನ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತಲ್ಲ. ಅವಳು ಬೇಗ ಬರುವುದೂ ಅವನಿಗೆ ಕಂಡಿತು. ಒಂದು ದಿನ ಕೋಣೆಗೆ ಬಂದು ಮೆತ್ತಗೆ ಹೇಳಿದ.

"ಮೇಡಂ, ನೀವು ಹೇಗೂ ಒಂದೂ ಐವತ್ತೆರಡಕ್ಕೆಲ್ಲ ಬಂದಿರ್ತೀರ. ಬಂದ ಕೂಡಲೇ ಮಧ್ಯಾಹ್ನ ಕತ್ತರಿಸೋ ಗಾಜಿನ ಟ್ರೇಗಳನ್ನ ಜೋಡಿಸಿಬಿಡಿ. ಎರಡಕ್ಕೆ ಯಂತ್ರ ಶುರು ಮಾಡಬಹುದು. ಎಲ್ಲರಿಗೂ ಅನುಕೂಲ."

"ಅದಕ್ಕೆ ಸಂಬಳ ಇದೆಯಾ ಸಾರ್?"

"ಹತ್ತು ನಿಮಿಷಕ್ಕೆಲ್ಲ ಸಂಬಳ ಅಂದ್ರೆ ಹೇಗೆ ಮೇಡಂ?"

"ಏಳು ನಿಮಿಷಕ್ಕೆ ಕಡಿತ ಇತ್ತಲ್ಲ ಸಾರ್."

ಇದನ್ನು ಅವಳು ನನಗೆ ಮರುದಿನ ಬೆಳಿಗ್ಗೆ ಹೇಳಿದಳು. ಇಷ್ಟು ವರ್ಷದಲ್ಲಿ ಅವಳು ಮೇಲಿನವರಿಗೆ ಎದುರು ಮಾತಾಡಿದ್ದು ನಾನು ಕೇಳಿಲ್ಲ. ಅವನು ಸಿಟ್ಟು ತೋರಿಸಲಿಲ್ಲವಂತೆ. "ಆಗಲಿ ಮೇಡಂ" ಎಂದು ಹೋದ. ಆದರೆ ಅವತ್ತಿನಿಂದ ಐದಾರು ವಾರ, ಅಂಚಿಲ್ಲದ ಫ್ರೇಮುಗಳಿಗಾಗಿ ಗಾಜಿಗೇ ತೂತು ಕೊರೆಯುವ ಕೆಲಸವೆಲ್ಲ ಅವಳ ಮೇಜಿಗೇ ಬಂತು. ಸ್ವಲ್ಪ ಹೆಚ್ಚು ಒತ್ತಿದರೆ ಗಾಜೇ ಸೀಳುವಂಥ ಕೆಲಸ. ಅವಳು ಒಂದನ್ನೂ ಸೀಳಲಿಲ್ಲ. ಕೊನೆಗೆ ಅವನಿಗೇ ಬೇಸರವಾಗಿ ಬಿಟ್ಟ.

ಅವಳು ಮಾತ್ರ ಅಂದಿನಿಂದ ಬೇಗ ಅಂಗಡಿಯೊಳಗೆ ಹೋಗುವುದನ್ನು ನಿಲ್ಲಿಸಿದಳು. ಆ ಕಟ್ಟಡದ ಹಿಂದಿನ ಬೀದಿಯಲ್ಲಿ ಮುಚ್ಚಿಹೋದ ಒಂದು ಬೀಗದ ಅಂಗಡಿ ಇದೆ. ಅದರ ಮೆಟ್ಟಿಲ ಮೇಲೆ ಕೂತು, ಸೈಕಲ್ಲನ್ನು ಪಕ್ಕಕ್ಕೆ ಒರಗಿಸಿ, ಶೂ ಬಿಚ್ಚಿ, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುವಳು. ಎರಡಕ್ಕೆ ಸರಿಯಾಗಿ ಒಳಗಿರುವಂತೆ ಎದ್ದು ಹೋಗುವಳು. ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೂ.

ಹೇಳಿದ್ದು ಅವಳ ಮನೆ ಕೆಳಗಿನ ನೆರೆಯವಳು, ಅದೂ ಮಾವನಿಗೆ. ಯಾವುದೋ ಕೆಲಸಕ್ಕೆ ಆ ಕಡೆ ಹೋಗಿದ್ದವಳು ನೋಡಿ, ಮೈ ಹುಷಾರಿಲ್ಲದೆ ಬಿದ್ದಿದ್ದಾಳೆ ಎಂದುಕೊಂಡು ಬಂದು ಗಾಬರಿಪಡಿಸಿದಳು. ಅವತ್ತು ಏಳೂವರೆಗೆ ಗಾಜಕ್ಕ ಮನೆಗೆ ಬಂದಾಗ ಮಾವ ದೀಪವನ್ನೂ ಹಾಕಿಸಿಕೊಳ್ಳದೆ ಕುರ್ಚಿಯಲ್ಲಿ ಕೂತಿದ್ದರು.

"ಬೀದೀಲಿ ಕೂತಿದ್ಯಂತೆ."

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. "ಕೂತಿದ್ದೆ ಮಾವ. ದಿನಾ ಕೂರ್ತೀನಿ. ಎಂಟು ನಿಮಿಷ."

"ಮೈ ಹುಷಾರಿಲ್ವಾ?"

"ಹುಷಾರಾಗಿದ್ದೀನಿ."

"ಮತ್ತೆ?"

ಆಗ ಅವಳು ಅತ್ತಳಂತೆ. ಆ ಎಂಟು ನಿಮಿಷವನ್ನು ಮನೆಯಲ್ಲೇ ಕಳೆಯಬಹುದಿತ್ತು, ಮಾವನ ಜೊತೆ ಕೂತು ಉಣ್ಣಬಹುದಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಗ ಹೊರಟು ಆ ಮೆಟ್ಟಿಲಿಗೆ ಹೋಗುತ್ತಿದ್ದಳು. ಅದನ್ನೇ ಹೇಳಿದಳು. "ನಿಮ್ಮ ಹತ್ರ ಇರೋಕೆ ಇಷ್ಟ ಇಲ್ಲ ಅಂತಲ್ಲ ಮಾವ. ಯಾರಿಗೂ ಏನೂ ಮಾಡಬೇಕಾಗಿಲ್ಲದ ಜಾಗ ಅದೊಂದೇ."

ಅದಕ್ಕೆ ಮಾವ ಹೇಳಿದ್ದನ್ನು ಅವಳು ನನಗೆ ಹೇಳಿದ ಹಾಗೇ ಬರೆಯುತ್ತೇನೆ.

"ಬಟ್ಟೆ ಕತ್ತರಿಸುವಾಗ ಹೊಲಿಗೆ ಅಂಚಲ್ಲಿ ಒಂದು ಬೆರಳು ಬಿಡ್ತೀವಮ್ಮ. ಅದು ಹೊರಗೆ ಕಾಣಲ್ಲ. ಇಷ್ಟು ಬಟ್ಟೆ ಯಾಕೆ ದಂಡ ಮಾಡಿದ್ರಿ ಅಂತ ಜಗಳಕ್ಕೆ ಬಂದೋರೂ ಇದ್ದಾರೆ. ಅದಿಲ್ಲ ಅಂದ್ರೆ ತೊಟ್ಟೋನು ಮೊದಲ ಸಲ ಬಗ್ಗಿದಾಗಲೇ ಹರಿಯುತ್ತೆ. ಕೂತ್ಕೋ. ಮೆಟ್ಟಿಲ ಮೇಲೆ ಧೂಳು ಇದ್ರೆ ಏನಾದ್ರೂ ಹಾಸ್ಕೊಂಡು ಕೂತ್ಕೋ." ಸ್ವಲ್ಪ ತಡೆದು ಸೇರಿಸಿದರು, "ಆದ್ರೆ ಊಟ ಬಿಸಿ ಮಾಡೋದ್ರಲ್ಲಿ ನಿಮಿಷ ಉಳಿಸಬೇಡ. ನಿನ್ನೆ ಒಳಗೆಲ್ಲ ತಣ್ಣಗಿತ್ತು."

ಚಳಿಗಾಲದಲ್ಲಿ ಮಾವ ಬಿದ್ದರು. ಅವಳು ಇಲ್ಲದ ಹೊತ್ತಿನಲ್ಲಿ ತಾವೇ ಏಳಲು ಹೋಗಿ ಬಚ್ಚಲ ಬಾಗಿಲಲ್ಲಿ ಕುಸಿದರು. ತೊಡೆಯ ಮೂಳೆ ಮುರಿದು ಐದು ವಾರ ಆಸ್ಪತ್ರೆಯಲ್ಲಿದ್ದರು. ಆ ಐದು ವಾರ ಅವಳ ದಾರಿ ಬದಲಾಯಿತು. ನಮ್ಮ ಅಂಗಡಿಯಿಂದ ಆಸ್ಪತ್ರೆ, ಅಲ್ಲಿಂದ ಆ ಅಂಗಡಿ, ರಾತ್ರಿ ಮತ್ತೆ ಆಸ್ಪತ್ರೆ. ಹಸಿರು ಸೈಕಲ್ ಅವಳನ್ನು ಹೊತ್ತುಕೊಂಡು ಓಡಾಡಿತು ಎನ್ನಲಾರೆ. ತುಳಿದವಳು ಅವಳೇ. ಮೈ ತೂಕ ಇಳಿದು, ಅವಳ ಕನ್ನಡಕವೇ ಮೂಗಿನಿಂದ ಜಾರತೊಡಗಿತು. ನಾನು ಅವಳಿಗೆ ಗೊತ್ತಾಗದ ಹಾಗೆ ಕಡ್ಡಿ ಬಗ್ಗಿಸಿ ಬಿಗಿ ಮಾಡಿಕೊಟ್ಟೆ. ಬೀಗದ ಅಂಗಡಿಯ ಮೆಟ್ಟಿಲು ಆ ದಿನಗಳಲ್ಲಿ ಖಾಲಿಯೇ ಇದ್ದಿರಬೇಕು.

ಮಾವ ಮನೆಗೆ ಬಂದ ಮೇಲೆ ಆರೋಗ್ಯ ಕೇಂದ್ರದವರು ಹಗಲು ಹೊತ್ತಿಗೆ ಒಬ್ಬ ಸಹಾಯಕನನ್ನು ಕಳಿಸಲು ಒಪ್ಪಿದರು. ಗಟ್ಟಿಮುಟ್ಟಾದ ನಡುವಯಸ್ಸಿನ ಮನುಷ್ಯ. ಹನ್ನೊಂದಕ್ಕೆ ಬಂದು ಮೂರಕ್ಕೆ ಹೋಗುತ್ತಾನೆ. ಮಾವನಿಗೆ ಅವನ ಮೇಲೆ ನೂರೆಂಟು ದೂರು. ತುತ್ತು ದೊಡ್ಡದು ಮಾಡುತ್ತಾನೆ, ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕುತ್ತಾನೆ, ಫೋನ್ ನೋಡುತ್ತಾ ನಗುತ್ತಾನೆ. ಆದರೆ ಅವನು ಒಂದು ದಿನ ಬಾರದಿದ್ದರೆ ಬೆಳಿಗ್ಗೆಯಿಂದ ಬಾಗಿಲು ನೋಡುತ್ತಾ ಕೂರುತ್ತಾರಂತೆ.

ಹೀಗಾಗಿ ಗಾಜಕ್ಕ ಈಗ ಮಧ್ಯಾಹ್ನ ಮನೆಗೆ ಓಡಬೇಕಾಗಿಲ್ಲ. ನಮ್ಮಲ್ಲಿ ಹನ್ನೆರಡೂವರೆಗೆ ಮುಗಿದರೆ ಅಲ್ಲಿಗೆ ನೇರ ದಾರಿ ಐದೂವರೆ ಕಿಲೋಮೀಟರು, ಇಪ್ಪತ್ತು ನಿಮಿಷ. ಹೈಬ್ರಿಡ್ ಇದ್ದಿದ್ದರೂ ನಡೆಯುತ್ತಿತ್ತು. ಅದನ್ನು ನಾನು ಒಮ್ಮೆ ಹೇಳಿದೆ. ಅವಳು ಸೈಕಲ್ಲಿನ ಕಡೆ ನೋಡಿ, "ಇರ್ಲಿ ಬಿಡು, ಅಭ್ಯಾಸ ಆಗಿದೆ," ಎಂದಳು. ಗಾಳಿ ಮಾತ್ರ ವಾರಕ್ಕೆರಡು ಸಲ ತಪ್ಪದೆ ಹಾಕುತ್ತಾಳೆ.

ಕೆಲಸ ಮುಗಿಸಿ, ಕೈ ತೊಳೆದು, ನನ್ನ ಜೊತೆ ಕೂತು ಉಣ್ಣುತ್ತಾಳೆ. ಆಮೇಲೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಹೋಗಿ, ಗಿರಾಕಿಗಳು ಕೂರುವ ದೊಡ್ಡ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಮಲಗುತ್ತಾಳೆ. ಆ ಹೊತ್ತಿಗೆ ಪರೀಕ್ಷೆ ಮಾಡುವ ಡಾಕ್ಟರು ಊಟಕ್ಕೆ ಹೋಗಿರುತ್ತಾರೆ. ಮಾಲೀಕರಿಗೆ ಗೊತ್ತಿದೆ, ಗೊತ್ತಿಲ್ಲದ ಹಾಗಿದ್ದಾರೆ. ನಿನ್ನೆ ಒಂದೂ ಮೂವತ್ತಕ್ಕೆ ಎಬ್ಬಿಸಲು ಹೋದೆ. ಬಾಯಿ ಸ್ವಲ್ಪ ತೆರೆದುಕೊಂಡು, ಹುಬ್ಬಿನ ಮೇಲೆ ಹುಡಿ ಹಾಗೇ ಇದ್ದು, ಗಾಢ ನಿದ್ದೆಯಲ್ಲಿದ್ದಳು.

"ಗಾಜಕ್ಕ, ಹೊತ್ತಾಯ್ತು."

"ಇನ್ನೊಂದೈದು ನಿಮಿಷ ಕಣೇ. ದಾರೀಲಿ ಉಳಿಸ್ಕೋತೀನಿ," ಎಂದಳು, ಕಣ್ಣು ಬಿಡದೆ.

ನಾನು ಬಾಗಿಲು ಎಳೆದುಕೊಂಡು, ಹೊರಗೆ ನಿಂತು ಕಾದೆ.